ರಾತ್ರಿ ಊಟ, ನಿದ್ದೆ ಮತ್ತು ಮಾತ್ರೆ ಡಬ್ಬಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದನ್ನೇ: ನಿದ್ದೆಗೆ ಯಾವ ಮಾತ್ರೆ ಒಳ್ಳೆಯದು? ಉತ್ತರಿಸಲು ಕೂತಾಗ ಹಲವು ಪತ್ರಗಳಲ್ಲಿ ಸುಳಿವು ಮಾತ್ರೆಯಲ್ಲಿರಲಿಲ್ಲ, ಊಟ ಎಷ್ಟು ಹೊತ್ತಿಗೆ ಎಂದು ಬರೆದ ಸಾಲಿನಲ್ಲಿತ್ತು. ಆದ್ದರಿಂದ ಮುಂದೆ ಬರೆಯುವವರು ಊಟ, ಕಾಫಿ, ಮಾತ್ರೆ, ಹಾಸಿಗೆ ಈ ನಾಲ್ಕರ ಹೊತ್ತನ್ನೂ ತಪ್ಪದೆ ಬರೆಯಿರಿ.

ಪ್ರಶ್ನೆ: ವಯಸ್ಸು 36. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಅಮೆರಿಕದವರ ಜೊತೆಗಿನ ಕಾಲ್‌ಗಳು ಮುಗಿಯುವಾಗ ರಾತ್ರಿ ಹತ್ತು. ಹತ್ತೂವರೆಗೆ ಊಟ, ಹನ್ನೊಂದಕ್ಕೆ ಹಾಸಿಗೆ. ಎರಡು ಮೂರು ಗಂಟೆಗೆ ಎಚ್ಚರವಾಗುತ್ತದೆ, ಬಾಯೆಲ್ಲ ಹುಳಿ. ಬೆಳಿಗ್ಗೆ ಮನೆಯವರ ಮೇಲೆಲ್ಲ ರೇಗುತ್ತೇನೆ. ಮೆಲಟೋನಿನ್ 10 ಮಿಲಿಗ್ರಾಂ ತೆಗೆದುಕೊಳ್ಳಬಹುದೇ?

ಉತ್ತರ: ಬಾಯಿ ಹುಳಿ ಎಂದು ಬರೆದಿರುವುದರಿಂದ ಮೊದಲು ಅನುಮಾನಿಸಬೇಕಾದದ್ದು ಹೊಟ್ಟೆಯ ಆಮ್ಲ ಮೇಲಕ್ಕೆ ಬರುತ್ತಿರುವುದನ್ನು. ಅನ್ನನಾಳ ಜಠರವನ್ನು ಸೇರುವಲ್ಲಿ ಬಿಗಿಯುವ ಒಂದು ಸ್ನಾಯುವಿದೆ. ತುಂಬಿದ ಹೊಟ್ಟೆಯಲ್ಲಿ ಅದು ಆಗಾಗ ಸಡಿಲಗೊಳ್ಳುತ್ತದೆ. ಕೂತಿದ್ದಾಗ ಆಮ್ಲವನ್ನು ಕೆಳಗಿಡಲು ಗುರುತ್ವವಿರುತ್ತದೆ, ಮಲಗಿದಾಗ ಆ ಆಸರೆ ಇಲ್ಲ. ನಿದ್ದೆಯಲ್ಲಿ ಎಂಜಲು ನುಂಗುವುದೂ ಕಡಿಮೆಯಾಗುವುದರಿಂದ ಮೇಲೆ ಬಂದ ಆಮ್ಲ ಅಲ್ಲೇ ನಿಂತು ಉರಿಸುತ್ತದೆ. ಎದೆಯುರಿ ಗೊತ್ತಾಗದೆಯೂ ನಿದ್ದೆ ಚೂರುಚೂರಾಗಬಹುದು. ಬೆಳಗಿನ ಸಿಡುಕಿಗೆ ಇಷ್ಟು ಸಾಕು.

ಒಂದು ಸಾಧಾರಣ ಊಟ ಹೊಟ್ಟೆಯಿಂದ ಮುಂದೆ ಸಾಗಲು ಮೂರು ನಾಲ್ಕು ಗಂಟೆ ಬೇಕು. ಎಣ್ಣೆ ತುಪ್ಪ ಹೆಚ್ಚಿದ್ದರೆ ಇನ್ನೂ ನಿಧಾನ. ಹತ್ತಕ್ಕೆ ಕಾಲ್ ಮುಗಿಯುವವರಿಗೆ 'ಏಳಕ್ಕೇ ಊಟ ಮಾಡಿ' ಎಂದು ಹೇಳಿ ಪ್ರಯೋಜನವಿಲ್ಲ, ಊಟವನ್ನೇ ಎರಡಾಗಿ ಒಡೆಯಿರಿ. ಏಳು, ಏಳೂವರೆಗೆ ಎರಡು ಕಾಲ್‌ಗಳ ನಡುವೆ ಹದಿನೈದು ನಿಮಿಷ ಬಿಡುವು ಮಾಡಿಕೊಂಡು ಮುಖ್ಯ ಊಟ ಮುಗಿಸಿ: ಎರಡು ಚಪಾತಿ ಮತ್ತು ಪಲ್ಯ, ಅಥವಾ ಒಂದು ಮುದ್ದೆ ಮತ್ತು ಸೊಪ್ಪಿನ ಸಾರು. ಹತ್ತು ಗಂಟೆಗೆ ಹಸಿವಿದ್ದರೆ ಅರ್ಧ ಬಟ್ಟಲು ಮೊಸರನ್ನ ಅಥವಾ ಒಂದು ಬಾಳೆಹಣ್ಣು, ಅಷ್ಟೇ. ಈಗ ಏಳು ಗಂಟೆಗೆ ಬಜ್ಜಿಯೋ ಮಸಾಲೆಪುರಿಯೋ ತಿಂದು ಹತ್ತೂವರೆಗೆ ಪೂರ್ತಿ ಊಟ ಮಾಡುತ್ತಿದ್ದರೆ ಕ್ರಮ ತಲೆಕೆಳಗಾಗಿದೆ ಎಂದರ್ಥ.

ಎಡಮಗ್ಗುಲಿಗೆ ಮಲಗಿ. ಆ ಭಂಗಿಯಲ್ಲಿ ಜಠರ ಅನ್ನನಾಳಕ್ಕಿಂತ ಕೆಳಗಿರುತ್ತದೆ, ಬಲಮಗ್ಗುಲಿಗೆ ಮಲಗಿದರೆ ಇದು ತಿರುಗುಮುರುಗು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಗಟ್ಟಿ ಮರದ ತುಂಡು ಇಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಿ. ಹಲವರು ಇದರ ಬದಲು ಎರಡು ದಿಂಬು ಹಾಕುತ್ತಾರೆ. ಅದರಿಂದ ಕುತ್ತಿಗೆ ಬಾಗಿ ಹೊಟ್ಟೆ ಮಡಚುತ್ತದೆ, ಒಳಗಿನ ಒತ್ತಡ ಇನ್ನೂ ಹೆಚ್ಚುತ್ತದೆ. ಎರಡು ವಾರ ಹೀಗೆ ಮಾಡಿಯೂ ಕಡಿಮೆಯಾಗದಿದ್ದರೆ, ಅಥವಾ ನುಂಗುವಾಗ ಅಡ್ಡ ಸಿಕ್ಕಂತಾದರೆ, ತೂಕ ಇಳಿದರೆ, ಮಲ ಕಪ್ಪಾದರೆ ವೈದ್ಯರಿಗೆ ತೋರಿಸಿ.

ಇನ್ನು ಮೆಲಟೋನಿನ್. ಅದು ಕತ್ತಲಾದಾಗ ಮೆದುಳಿನ ಪೀನಿಯಲ್ ಗ್ರಂಥಿ ಸ್ರವಿಸುವ ಹಾರ್ಮೋನು. ದೇಹಕ್ಕೆ 'ರಾತ್ರಿಯಾಯಿತು' ಎಂದು ಸುದ್ದಿ ಮುಟ್ಟಿಸುವುದು ಅದರ ಕೆಲಸ, ಬಲವಂತವಾಗಿ ಮಲಗಿಸುವುದಲ್ಲ. ವಿಮಾನಯಾನದಿಂದ ಹೊತ್ತು ಏರುಪೇರಾದವರಿಗೆ, ರಾತ್ರಿ ಎರಡಾದರೂ ನಿದ್ದೆಯೇ ಸುಳಿಯದವರಿಗೆ ಅದು ನೆರವಾಗಬಹುದು. ಅಲ್ಲಿಯೂ ಅರ್ಧದಿಂದ ಮೂರು ಮಿಲಿಗ್ರಾಂ ಸಾಮಾನ್ಯವಾಗಿ ಸಾಕು. ಹತ್ತು ಮಿಲಿಗ್ರಾಂ ತೆಗೆದುಕೊಂಡರೆ ಬೆಳಿಗ್ಗೆ ತಲೆ ಭಾರ, ವಿಚಿತ್ರ ಕನಸು. ಮೆಲಟೋನಿನ್ ಏರಿರುವಾಗ ಇನ್ಸುಲಿನ್ ಸ್ರಾವ ತಗ್ಗುವುದರಿಂದ, ಮಾತ್ರೆ ನುಂಗಿ ಹೊಟ್ಟೆ ತುಂಬ ಉಂಡರೆ ರಕ್ತದ ಸಕ್ಕರೆಯೂ ಹೆಚ್ಚು ಏರುತ್ತದೆ. ಲೇಬಲ್ಲನ್ನೂ ಪೂರ್ತಿ ನಂಬುವಂತಿಲ್ಲ. ಕೆನಡಾದಲ್ಲಿ 31 ಮೆಲಟೋನಿನ್ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳಗಿದ್ದ ಪ್ರಮಾಣ ಲೇಬಲ್‌ಗಿಂತ ಶೇ 83ರಷ್ಟು ಕಡಿಮೆಯಿಂದ ಹಿಡಿದು ಶೇ 478ರಷ್ಟು ಹೆಚ್ಚಿನವರೆಗೆ ಇತ್ತು. ಎಂಟರಲ್ಲಿ ಲೇಬಲ್‌ನಲ್ಲಿಲ್ಲದ ಸೆರೊಟೋನಿನ್ (ನರಗಳ ನಡುವೆ ಸುದ್ದಿ ಸಾಗಿಸುವ ರಾಸಾಯನಿಕ) ಸಿಕ್ಕಿತು. ಸದ್ಯಕ್ಕೆ ನಿಮಗೆ ಈ ಮಾತ್ರೆ ಬೇಡ.

ಪ್ರಶ್ನೆ: ಚಿಕ್ಕಮಗಳೂರಿನವರು ನಾವು. ದಿನಕ್ಕೆ ಮೂರು ಲೋಟ ಫಿಲ್ಟರ್ ಕಾಫಿ, ಕೊನೆಯದು ಸಂಜೆ ಆರೂವರೆಗೆ. ಹತ್ತೂವರೆಗೆ ಮಲಗಿದ ತಕ್ಷಣ ನಿದ್ದೆ ಹತ್ತುತ್ತದೆ. ಆದರೂ ಎದ್ದಾಗ ಸುಸ್ತು. ಕಾಫಿಯನ್ನು ದೂರಬಹುದೇ?

ಉತ್ತರ: ದೂರಬಹುದು. ನಿದ್ದೆ ಬೇಗ ಹತ್ತುವುದು ಬೇರೆ, ಗಾಢವಾಗಿ ಬರುವುದು ಬೇರೆ. ಎಚ್ಚರವಿದ್ದಷ್ಟೂ ಹೊತ್ತು ಮೆದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತಾ ಹೋಗಿ ನಿದ್ದೆಯ ಒತ್ತಡ ಕಟ್ಟುತ್ತದೆ. ಕೆಫೀನ್ ಅದರ ಜಾಗದಲ್ಲಿ ಹೋಗಿ ಕೂತು ಆ ಒತ್ತಡ ಗೊತ್ತಾಗದಂತೆ ಮಾಡುತ್ತದೆ. ಕುಡಿದದ್ದರಲ್ಲಿ ಅರ್ಧ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಆರೂವರೆಯ ಲೋಟದಲ್ಲಿ 80 ಮಿಲಿಗ್ರಾಂ ಕೆಫೀನ್ ಇತ್ತೆಂದು ಹಿಡಿದರೂ ಹನ್ನೊಂದೂವರೆಗೆ 40 ಮಿಲಿಗ್ರಾಂ ಉಳಿದಿರುತ್ತದೆ. ಅಂದರೆ ಮಲಗುವಾಗ ಅರ್ಧ ಲೋಟ ಕಾಫಿ ಕುಡಿದ ಲೆಕ್ಕ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಅವಧಿ ಹೆಚ್ಚುಕಡಿಮೆ ಇಮ್ಮಡಿ, ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು.

ನಿಮ್ಮ ಪುಡಿ ಯಾವುದೆಂದು ನೋಡಿ. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ಚಿಕೋರಿಯಲ್ಲಿ ಕೆಫೀನೇ ಇಲ್ಲ. ಹಾಗಾಗಿ ಅಷ್ಟೇ ಪುಡಿ ಹಾಕಿದರೆ 70ಕ್ಕೆ 30 ಚಿಕೋರಿ ಬೆರೆಸಿದ ಪುಡಿಯಲ್ಲಿ ಶುದ್ಧ ಕಾಫಿಪುಡಿಗಿಂತ ಕೆಫೀನ್ ಕಡಿಮೆ. ರುಚಿಯ ವಾದವೇ ಬೇರೆ, ಸಂಜೆಯ ಮಟ್ಟಿಗೆ ಚಿಕೋರಿ ಅಪರಾಧವಲ್ಲ. ಹಾಲು ಹೆಚ್ಚು ಹಾಕಿದರೆ ಕೆಫೀನ್ ತಗ್ಗದು, ಡಿಕಾಕ್ಷನ್ ಕಡಿಮೆ ಮಾಡಿದರೆ ಮಾತ್ರ ತಗ್ಗುತ್ತದೆ.

ಕೊನೆಯ ಲೋಟವನ್ನು ಮಧ್ಯಾಹ್ನ ಎರಡರ ಒಳಗೆ ಮುಗಿಸಿ. ಒಂದೇ ದಿನಕ್ಕೆ ನಿಲ್ಲಿಸಿದರೆ ತಲೆನೋವು, ಮಂಕು, ಸಿಡುಕು ಬರುತ್ತವೆ. ಅವು ಎರಡರಿಂದ ಒಂಬತ್ತು ದಿನ ಕಾಡಬಹುದು. ಬಿಟ್ಟವರು ಮತ್ತೆ ಹಿಡಿಯುವುದು ಇದನ್ನು ತಾಳಲಾರದೆ. ಮೂರು ದಿನಕ್ಕೊಮ್ಮೆ ಸಂಜೆಯ ಡಿಕಾಕ್ಷನ್ನಿನಲ್ಲಿ ಕಾಲು ಭಾಗ ಇಳಿಸಿ, ಹನ್ನೆರಡು ದಿನಕ್ಕೆ ಆ ಲೋಟ ಬರೀ ಹಾಲಾಗುತ್ತದೆ. ಬಿಸಿ ಲೋಟ ಕೈಯಲ್ಲಿರಬೇಕೆನ್ನುವವರಿಗೆ ಜೀರಿಗೆ ಕೊತ್ತಂಬರಿ ಬೀಜದ ಕಷಾಯವಿದೆ. ಮೂರು ವಾರವಾದರೂ ಸುಸ್ತು ಉಳಿದರೆ, ರಾತ್ರಿ ಗೊರಕೆ ಹೊಡೆಯುತ್ತೀರಾ, ನಡುನಡುವೆ ಉಸಿರು ನಿಲ್ಲುತ್ತದೆಯಾ ಎಂದು ಮನೆಯವರನ್ನು ಕೇಳಿ ವೈದ್ಯರ ಬಳಿ ಹೋಗಿ.

ಪ್ರಶ್ನೆ: ಅತ್ತೆಯವರಿಗೆ 62 ವರ್ಷ, ಹುಬ್ಬಳ್ಳಿಯಲ್ಲಿದ್ದಾರೆ. ರಾತ್ರಿ ಮಲಗಿದರೆ ಮೀನಖಂಡದಲ್ಲಿ ಏನೋ ಹರಿದಾಡಿದಂತಾಗಿ ಕಾಲು ಆಡಿಸಲೇಬೇಕು ಎನ್ನುತ್ತಾರೆ. ಎದ್ದು ಓಡಾಡಿದರೆ ಸಮಾಧಾನ. ಮೆಗ್ನೀಸಿಯಂ ಮಾತ್ರೆ ಕೊಡುತ್ತಿದ್ದೇವೆ, ಗುಣವಿಲ್ಲ, ಭೇದಿ ಬೇರೆ ಶುರುವಾಗಿದೆ.

ಉತ್ತರ: ಬಹಳ ಚೆನ್ನಾಗಿ ವರ್ಣಿಸಿದ್ದೀರಿ, ರೋಗ ಗುರುತಿಸಲು ಅರ್ಧ ಕೆಲಸ ಅದರಲ್ಲೇ ಮುಗಿಯಿತು. ಸಂಜೆಯಿಂದ ಶುರು, ಸುಮ್ಮನಿದ್ದರೆ ಜಾಸ್ತಿ, ಓಡಾಡಿದರೆ ಕಡಿಮೆ. ಈ ಮೂರೂ ಸೇರಿದರೆ ಅದು ಸಾಮಾನ್ಯವಾಗಿ 'ರೆಸ್ಟ್‌ಲೆಸ್ ಲೆಗ್ಸ್' ಎಂಬ ಕಾಲಿನ ಚಡಪಡಿಕೆ. ಸ್ನಾಯು ಸೆಟೆದು ಗಂಟು ಕಟ್ಟುವ ನೋವು ಬೇರೆ ಕಾಯಿಲೆ. ಮೊದಲು ನೋಡಬೇಕಾದದ್ದು ಮೆಗ್ನೀಸಿಯಂ ಅಲ್ಲ, ಕಬ್ಬಿಣ.

ಹಿಮೋಗ್ಲೋಬಿನ್ ಸರಿಯಿದೆ ಎಂದು ಸುಮ್ಮನಾಗಬೇಡಿ. ರಕ್ತದಲ್ಲಿ ಕಬ್ಬಿಣ ಸಾಕಷ್ಟಿದ್ದರೂ ದೇಹದ ದಾಸ್ತಾನು ಬರಿದಾಗಿರಬಹುದು. ಆ ದಾಸ್ತಾನನ್ನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ, ಜೊತೆಗೆ ರಕ್ತದಲ್ಲಿ ಕಬ್ಬಿಣ ಎಷ್ಟು ಸಾಗುತ್ತಿದೆ ಎಂದು ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್. ಹೆಚ್ಚಿನವರು ಎಡವುವುದು ಇಲ್ಲೇ: ಫೆರಿಟಿನ್ 20 ಬಂದರೂ ಲ್ಯಾಬಿನ ರಿಪೋರ್ಟು ಅದನ್ನು ಮಾಮೂಲು ಎಂದು ತೋರಿಸಬಹುದು. ಆದರೆ ಈ ಚಡಪಡಿಕೆ ಇರುವವರಲ್ಲಿ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣ ಕೊಡುವುದು ರೂಢಿ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳು ಏರಿಕೆ ತೋರಿಸುತ್ತದೆ, ಆಗ ಪರೀಕ್ಷೆ ಬೇಡ. 62ರ ವಯಸ್ಸಿನಲ್ಲಿ ಕಬ್ಬಿಣ ಕಡಿಮೆ ಬಂದರೆ ಹೊಟ್ಟೆ, ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದೂ ವೈದ್ಯರು ನೋಡಲೇಬೇಕು. ಮಾತ್ರೆ ಕೊಟ್ಟು ಅದನ್ನು ಮರೆಯುವಂತಿಲ್ಲ.

ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಖಾಲಿ ಹೊಟ್ಟೆಗೆ, ಸಕ್ಕರೆಯಿಲ್ಲದ ನಿಂಬೆ ಪಾನಕದ ಜೊತೆ. ಅದರ ಹಿಂದೆ ಮುಂದೆ ಎರಡು ಗಂಟೆ ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಬೇಡ. ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸವಿದ್ದರೆ ಜೋಳದ ರೊಟ್ಟಿ, ಸೊಪ್ಪಿನ ಪಲ್ಯದಲ್ಲಿದ್ದ ಕಬ್ಬಿಣವೂ ಬಹುಪಾಲು ಮೈಗೆ ಹತ್ತುವುದಿಲ್ಲ. ಅವರ ಬೇರೆ ಮಾತ್ರೆಗಳ ಚೀಟಿಯನ್ನೂ ತೋರಿಸಿ. ನೆಗಡಿ, ತುರಿಕೆಗೆ ಕೊಡುವ ಮಂಪರು ಬರಿಸುವ ಮಾತ್ರೆಗಳು, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಖಿನ್ನತೆಯ ಕೆಲವು ಮಾತ್ರೆಗಳು ಈ ಚಡಪಡಿಕೆಯನ್ನು ಹೆಚ್ಚಿಸುತ್ತವೆ. ನಿದ್ದೆ ಬರಲೆಂದು ನೆಗಡಿ ಮಾತ್ರೆ ಕೊಡುವ ಮನೆಗಳು ಕಡಿಮೆಯೇನಿಲ್ಲ.

ಭೇದಿಗೆ ಕಾರಣ ಬಹುಶಃ ಮೆಗ್ನೀಸಿಯಂ ಆಕ್ಸೈಡ್, ಲೇಬಲ್ ನೋಡಿ. ಅದು ಅಗ್ಗ, ಕರುಳಿನಲ್ಲಿ ಹೀರಿಕೆಯಾಗುವುದು ಕಡಿಮೆ, ಉಳಿದದ್ದು ನೀರನ್ನೆಳೆದು ಭೇದಿ ಮಾಡಿಸುತ್ತದೆ. ಗ್ಲೈಸಿನೇಟ್ ರೂಪ ಹೊಟ್ಟೆಗೆ ಹಗುರ. ಆದರೆ ಡಬ್ಬಿಯ ಮೇಲೆ 'ಗ್ಲೈಸಿನೇಟ್ 1000 ಮಿಲಿಗ್ರಾಂ' ಎಂದಿದ್ದರೆ ನಿಜವಾದ ಮೆಗ್ನೀಸಿಯಂ ಸುಮಾರು 140 ಮಿಲಿಗ್ರಾಂ ಮಾತ್ರ. ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಮೆಗ್ನೀಸಿಯಂ ಮೈಯಲ್ಲೇ ಉಳಿದು ಹೃದಯದ ಬಡಿತಕ್ಕೆ ಕುತ್ತಾಗಬಹುದು. ಮೂತ್ರಪಿಂಡದ ಕೆಲಸ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡದೆ ಈ ವಯಸ್ಸಿನಲ್ಲಿ ಕೊಡಬೇಡಿ. ರಾಗಿ, ಎಳ್ಳು, ಕುಂಬಳಬೀಜ, ಸೊಪ್ಪುಗಳಲ್ಲಿ ಮೆಗ್ನೀಸಿಯಂ ಧಾರಾಳವಾಗಿದೆ.

ಪ್ರಶ್ನೆ: ದಾವಣಗೆರೆಯಿಂದ. ತಂದೆಗೆ ಶುಗರ್, ಮೂರು ಔಷಧ ಸೇರಿದ ಮಾತ್ರೆ ಎರಡು ಹೊತ್ತು. ತೂಕ ಇಳಿಸಲು ರಾತ್ರಿ ಊಟ ಬಿಟ್ಟು ಒಂದು ಲೋಟ ಮಜ್ಜಿಗೆ ಕುಡಿಯುತ್ತಿದ್ದಾರೆ. ರಾತ್ರಿ ಮೈ ಬೆವರಿ, ಕೆಟ್ಟ ಕನಸಿನಿಂದ ಕೂಗಿ ಏಳುತ್ತಾರೆ. ಬೆಳಿಗ್ಗೆ ತಲೆನೋವು, ವಿಪರೀತ ಕೋಪ.

ಉತ್ತರ: ಇವತ್ತು ರಾತ್ರಿಯೇ ಊಟ ಮರಳಿ ಶುರುವಾಗಲಿ. ಆ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಇದೆಯೇ ನೋಡಿ. ಇದ್ದರೆ ಅದು ಊಟ ಬಿಟ್ಟರೂ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ನಡುರಾತ್ರಿ ಸಕ್ಕರೆ ಕುಸಿಯುತ್ತದೆ. ಬೆವರು, ದುಃಸ್ವಪ್ನ, ಬೆಳಗಿನ ತಲೆನೋವು ಅದರದೇ ಗುರುತು. ಎಚ್ಚರವಾದ ಕೂಡಲೇ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ ಅರ್ಧ ಲೋಟ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ಮೇಲೆ ಒಂದಿಷ್ಟು ಅನ್ನವನ್ನೋ ಚಪಾತಿಯನ್ನೋ ತಿನ್ನಿಸಿ. ಸಕ್ಕರೆಯ ಬದಲು ಗ್ಲೂಕೋಸ್ ಎಂದು ಒತ್ತಿ ಹೇಳಲು ಕಾರಣವಿದೆ: ಮೂರು ಔಷಧ ಸೇರಿದ ಮಾತ್ರೆಗಳಲ್ಲಿ ಮೂರನೆಯದು ಎಷ್ಟೋ ಸಲ ವೊಗ್ಲಿಬೋಸ್ ಆಗಿರುತ್ತದೆ. ಅದು ಅಡುಗೆಮನೆಯ ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನು ತಡೆಯುವುದರಿಂದ ಸಕ್ಕರೆ ನೀರು ತಡವಾಗಿ ಕೆಲಸ ಮಾಡುತ್ತದೆ. ಚಾಕೊಲೇಟು, ಬಿಸ್ಕತ್ತುಗಳೂ ಕೊಬ್ಬಿನಿಂದಾಗಿ ನಿಧಾನ. ಪ್ರಜ್ಞೆ ಮಸುಕಾಗಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ತೂಕ ಇಳಿಸಬೇಕೆಂಬುದು ಒಳ್ಳೆಯ ಉದ್ದೇಶವೇ. ಆದರೆ ಮೊದಲು ವೈದ್ಯರು ಮಾತ್ರೆಯ ಪ್ರಮಾಣ ಇಳಿಸಬೇಕು, ಊಟ ಇಳಿಸುವುದು ಆಮೇಲೆ.

ಪ್ರಶ್ನೆ: ಮಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್. ತಿಂಗಳಿಗೆ ಹತ್ತು ದಿನ ರಾತ್ರಿ ಪಾಳಿ, 8ರಿಂದ 8. ಎರಡು ಗಂಟೆ ರಾತ್ರಿಗೆ ಬುತ್ತಿ ಬಿಚ್ಚುತ್ತೇವೆ. ಪಾಳಿಯ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುತ್ತದೆ.

ಉತ್ತರ: ಅಳುವಿಗೆ ಕಾರಣವಿದೆ, ಅದು ನಿಮ್ಮ ದೌರ್ಬಲ್ಯವಲ್ಲ. ಮೆದುಳಿನ ಗಡಿಯಾರ ಬೆಳಕನ್ನು ನೋಡಿ ನಡೆಯುತ್ತದೆ. ಯಕೃತ್ತು, ಮೇದೋಜೀರಕ ಗ್ರಂಥಿಗಳ ಗಡಿಯಾರ ಊಟದ ಹೊತ್ತನ್ನೂ ನೋಡುತ್ತದೆ. ನಡುರಾತ್ರಿಯ ಬುತ್ತಿ ಎರಡನ್ನೂ ಬೇರೆಬೇರೆ ದಿಕ್ಕಿಗೆ ಎಳೆಯುತ್ತದೆ. ಬಾಸ್ಟನ್ನಿನ ಬ್ರಿಗಮ್ ಆಂಡ್ ವಿಮೆನ್ಸ್ ಆಸ್ಪತ್ರೆಯ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 19 ಜನರನ್ನು ಲ್ಯಾಬಿನಲ್ಲಿಟ್ಟು ರಾತ್ರಿ ಪಾಳಿಯಂಥ ದಿನಚರಿ ಮಾಡಿಸಿದರು. ಹಗಲೂ ರಾತ್ರಿಯೂ ಉಂಡವರಲ್ಲಿ ಖಿನ್ನತೆಯಂಥ ಭಾವ ಶೇ 26ರಷ್ಟು, ಆತಂಕದ ಭಾವ ಶೇ 16ರಷ್ಟು ಏರಿತು. ಹಗಲಿನಲ್ಲಿ ಮಾತ್ರ ಉಂಡವರಲ್ಲಿ ಏರಲಿಲ್ಲ. ಚಿಕ್ಕ ಪ್ರಯೋಗ, ಆದರೂ ಖರ್ಚಿಲ್ಲದೆ ನೀವೇ ಮಾಡಿನೋಡಬಹುದಾದದ್ದು.

ಪಾಳಿಗೆ ಹೊರಡುವ ಮುನ್ನ ಏಳು ಗಂಟೆಗೆ ಹೊಟ್ಟೆ ತುಂಬ ಊಟ ಮಾಡಿ: ಕುಚ್ಚಲಕ್ಕಿ ಅನ್ನ, ಮೀನು ಅಥವಾ ಹೆಸರುಕಾಳಿನ ಪದಾರ್ಥ. ಹನ್ನೆರಡರಿಂದ ಐದರ ನಡುವೆ ದೊಡ್ಡ ಊಟ ಬೇಡ. ತಡೆಯಲಾಗದಿದ್ದರೆ ಬೇಯಿಸಿದ ಮೊಟ್ಟೆ, ಒಂದು ಹಿಡಿ ಕಡಲೆಕಾಯಿ, ಮಜ್ಜಿಗೆ. ಕಾಫಿ ಪಾಳಿಯ ಮೊದಲರ್ಧದಲ್ಲಿ, ರಾತ್ರಿ ಎರಡರ ನಂತರ ಬೇಡ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಕಪ್ಪು ಕನ್ನಡಕ ಹಾಕಿ, ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಮೆದುಳು ಹಗಲೆಂದು ಎದ್ದುಬಿಡುತ್ತದೆ. ನೀವೇ ಸ್ಕೂಟರ್ ಓಡಿಸುವುದಾದರೆ ಮಾತ್ರ ಇದು ಬೇಡ, ನಿದ್ದೆಗಣ್ಣಿಗೆ ಕಪ್ಪು ಕನ್ನಡಕ ಅಪಾಯ. ಎರಡು ನೀರುದೋಸೆಯಷ್ಟು ತಿಂದು ಮಲಗಿ. ಖಾಲಿ ಹೊಟ್ಟೆಯಲ್ಲಿ ಮಲಗಿದರೆ ಹನ್ನೊಂದಕ್ಕೆ ಹಸಿವೇ ಎಬ್ಬಿಸುತ್ತದೆ. ಪಾಳಿ ಇಲ್ಲದ ದಿನಗಳಲ್ಲೂ ಅಳು ಮುಂದುವರಿದರೆ ಕೊನೆಯ ಪ್ರಶ್ನೆಯ ಉತ್ತರ ಓದಿ.

ಪ್ರಶ್ನೆ: ವಿಟಮಿನ್ ಡಿ 60,000 ಯೂನಿಟ್ ಪುಡಿಯನ್ನು ಎರಡು ತಿಂಗಳಿಂದ ದಿನಾ ರಾತ್ರಿ ಹಾಲಿನಲ್ಲಿ ಕುಡಿಯುತ್ತಿದ್ದೇನೆ, ನಿದ್ದೆ ಬರಲೆಂದು. ಈಗ ಬಾಯಾರಿಕೆ, ಮಲಬದ್ಧತೆ, ರಾತ್ರಿ ನಾಲ್ಕೈದು ಸಲ ಮೂತ್ರ. (ತುಮಕೂರು)

ಉತ್ತರ: ತಕ್ಷಣ ನಿಲ್ಲಿಸಿ, ನಾಳೆಯೇ ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್, ವಿಟಮಿನ್ ಡಿ ಮೂರೂ ಪರೀಕ್ಷೆ ಮಾಡಿಸಿ ವೈದ್ಯರನ್ನು ಕಾಣಿ. ಈ ಪುಡಿ ವಾರಕ್ಕೆ ಒಂದು, ಅದೂ ವೈದ್ಯರು ಹೇಳಿದಷ್ಟೇ ವಾರ. ವಿಟಮಿನ್ ಡಿ ಕೊಬ್ಬಿನಲ್ಲಿ ಶೇಖರವಾಗುವುದರಿಂದ ಹೆಚ್ಚಾದದ್ದು ಬೇಗ ಹೊರಹೋಗುವುದಿಲ್ಲ, ಕ್ಯಾಲ್ಸಿಯಂ ಏರುತ್ತದೆ. ನೀವು ಬರೆದ ಮೂರೂ ಲಕ್ಷಣ ಅದಕ್ಕೆ ಹೊಂದುತ್ತವೆ. ವಾಂತಿ, ಗೊಂದಲ ಶುರುವಾದರೆ ನಾಳೆಯವರೆಗೂ ಕಾಯಬೇಡಿ.

ಪ್ರಶ್ನೆ: ದುಬೈಯಲ್ಲಿದ್ದೇನೆ. ನಿದ್ದೆಗೆ ಅಮ್ಮ ಗಸಗಸೆ ಪಾಯಸ, ಜಾಯಿಕಾಯಿ ಹಾಲು ಎನ್ನುತ್ತಾರೆ. ಊರಿಂದ ಗಸಗಸೆ ತರಿಸಬಹುದೇ?

ಉತ್ತರ: ಖಂಡಿತ ತರಿಸಬೇಡಿ. ಗಸಗಸೆ ಅಫೀಮು ಗಿಡದ ಬೀಜ, ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅದು ನಿಷಿದ್ಧ. ಸೂಟ್‌ಕೇಸಿನಲ್ಲಿ ಒಂದು ಪೊಟ್ಟಣ ಸಿಕ್ಕರೂ ಮೊಕದ್ದಮೆಯಾಗಬಹುದು. ಬೀಜದ ಮೇಲೆ ಕಾಯಿಯ ಹಾಲಿನಿಂದ ಅಂಟಿದ ಮಾರ್ಫಿನ್ ಲೇಶ ಇರುತ್ತದೆ, ಎಷ್ಟು ಎಂಬುದು ಒಂದೊಂದು ದಾಸ್ತಾನಿಗೆ ಒಂದೊಂದು ಥರ. ಊರಿಗೆ ಬಂದಾಗ ಪಾಯಸ ಕುಡಿಯಿರಿ, ಆದರೆ ಕೆಲಸಕ್ಕಾಗಿ ಮೂತ್ರ ಪರೀಕ್ಷೆ ಇರುವ ವಾರದಲ್ಲಿ ಬೇಡ.

ಜಾಯಿಕಾಯಿಯನ್ನು ಸಾಣೆಕಲ್ಲಿನ ಮೇಲೆ ಎರಡು ಸುತ್ತು ತೇಯ್ದಷ್ಟು ಹಾಕಿದರೆ ಪರಿಮಳಕ್ಕೆ ಸಾಕು, ತೊಂದರೆಯಿಲ್ಲ. ಐದು ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಇಡೀ ಕಾಯಿ, ವಿಷವೇ: ಎದೆಬಡಿತ, ಬಾಯಿ ಒಣಗುವುದು, ಭ್ರಮೆ. ಪರಿಣಾಮ ಕಾಣಲು ಮೂರರಿಂದ ಆರು ಗಂಟೆ ಬೇಕಾಗುವುದರಿಂದ 'ನಿದ್ದೆ ಬರಲಿಲ್ಲ' ಎಂದು ಇನ್ನೊಂದು ಚಮಚ ಹಾಕಿಕೊಂಡವರು ಸಿಕ್ಕಿಬೀಳುತ್ತಾರೆ. ಗರ್ಭಿಣಿಯರಿಗೂ ಮಕ್ಕಳಿಗೂ ನಿದ್ದೆಯ ಮದ್ದಾಗಿ ಕೊಡಬೇಡಿ.

ಪ್ರಶ್ನೆ: ಮೈಸೂರು, 41 ವರ್ಷ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ, ಖಿನ್ನತೆಯ ಮಾತ್ರೆ ಎಸ್ಸಿಟಾಲೋಪ್ರಾಂ ರಾತ್ರಿ. ನಾಲ್ಕು ಗಂಟೆಗೇ ಎಚ್ಚರ, ಯಾವುದರಲ್ಲೂ ಆಸಕ್ತಿ ಇಲ್ಲ. ಅಶ್ವಗಂಧ ಮತ್ತು 5-ಎಚ್‌ಟಿಪಿ ಎರಡನ್ನೂ ಆರ್ಡರ್ ಮಾಡಿದ್ದೇನೆ.

ಉತ್ತರ: ಎರಡನ್ನೂ ತೆರೆಯಬೇಡಿ. 5-ಎಚ್‌ಟಿಪಿ ದೇಹದಲ್ಲಿ ಸೆರೊಟೋನಿನ್ ಆಗುತ್ತದೆ. ಎಸ್ಸಿಟಾಲೋಪ್ರಾಂ, ಆಗಲೇ ಇರುವ ಸೆರೊಟೋನಿನನ್ನು ಹೆಚ್ಚು ಹೊತ್ತು ಉಳಿಸುತ್ತದೆ. ಎರಡೂ ಸೇರಿ ಮಿತಿಮೀರಿದರೆ ನಡುಕ, ಬೆವರು, ಜ್ವರ, ಭೇದಿ, ಗೊಂದಲ ಬರುತ್ತವೆ, ಜೀವಕ್ಕೂ ಅಪಾಯ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ನೀವು ಆಗಲೇ ಮಾತ್ರೆಯಲ್ಲಿರುವುದರಿಂದ ಅದು ಅತಿಯಾಗಿ ಎದೆ ಹೊಡೆದುಕೊಂಡು, ಇದ್ದ ನಿದ್ದೆಯೂ ಹೋಗಬಹುದು. ನಮ್ಮ ಮನೆಮದ್ದು ಎಂಬ ಭರವಸೆಯಲ್ಲಿ ಇದನ್ನು ಲಘುವಾಗಿ ಕಾಣುವವರಿದ್ದಾರೆ. ಇದರಿಂದ ಕಾಮಾಲೆಯೊಂದಿಗೆ ಯಕೃತ್ತು ಕೆಟ್ಟ ಪ್ರಕರಣಗಳು ದಾಖಲಾಗಿವೆ, ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು.

ಮನೋವೈದ್ಯರನ್ನು ಎರಡು ವಿಷಯ ಕೇಳಿ. ಎಸ್ಸಿಟಾಲೋಪ್ರಾಂ ಕೆಲವರ ನಿದ್ದೆ ಕೆಡಿಸುತ್ತದೆ, ಬೆಳಿಗ್ಗೆಗೆ ಬದಲಾಯಿಸಬಹುದೇ? ಈಗಿನ ಪ್ರಮಾಣ ಸಾಕಾಗುತ್ತಿದೆಯೇ? ನಸುಕಿನ ಎಚ್ಚರ ಮತ್ತು ನಿರಾಸಕ್ತಿ ಒಟ್ಟಿಗೆ ಎರಡು ವಾರ ದಾಟಿದ್ದರೆ ಅದು ಖಿನ್ನತೆ ಹಿಡಿತಕ್ಕೆ ಬಂದಿಲ್ಲದ ಸೂಚನೆ. ತಾವಾಗಿ ಮಾತ್ರೆ ನಿಲ್ಲಿಸಬೇಡಿ. ಥೈರಾಯ್ಡಿನ ಸ್ಥಿತಿ ತೋರಿಸುವ ಟಿಎಸ್‌ಎಚ್ ಮತ್ತು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಶುದ್ಧ ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅಥವಾ ಆಮ್ಲ ತಗ್ಗಿಸುವ ಮಾತ್ರೆ ತೆಗೆದುಕೊಂಡವರಲ್ಲಿ ಬಿ12 ಕೊರತೆ ಸಾಮಾನ್ಯ. ಮನಸ್ಸು ಕುಗ್ಗುವುದು, ಮರೆವು, ಪಾದ ಜೋಮು ಅದರಿಂದಲೂ ಬರಬಹುದು. ಪರೀಕ್ಷೆಗೆ ರಕ್ತ ಕೊಡುವ ಮೊದಲು ಬಿ12 ಮಾತ್ರೆ ಶುರು ಮಾಡಿದರೆ ಫಲಿತಾಂಶ ದಾರಿತಪ್ಪಿಸುತ್ತದೆ. ಥೈರಾಯ್ಡ್ ಮಾತ್ರೆಗೂ ಕಬ್ಬಿಣ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಗೂ ನಡುವೆ ನಾಲ್ಕು ಗಂಟೆ ಬಿಡುವಿರಲಿ, ಕಾಫಿಗೆ ಅರ್ಧದಿಂದ ಒಂದು ಗಂಟೆ.

ನಸುಕಿನಲ್ಲಿ ಎದ್ದಾಗ ಬದುಕೇ ಬೇಡವೆನಿಸಿದರೆ ಬೆಳಗಾಗಲೆಂದು ಕಾಯಬೇಡಿ, ಪಕ್ಕದಲ್ಲಿರುವವರನ್ನು ಎಬ್ಬಿಸಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.